ನಮ್ಮದೇ ಪೆನ್ ಡ್ರೈವ್

ಅಕ್ಕ ಹಾಳೆಯ ಮೇಲೆ ಬೆರಳಾಡಿಸಿದಳು, ಎರಡನೇ ಸಾಲಿಗೆ ಬಂದಳು, ನಿಂತಳು. "ಪುಟ್ಟಿ, ಇದು ಯಾವ ಭಾಷೆನೇ?" ಎಂದಳು.

ತಂಗಿ ಕಂಪ್ಯೂಟರಿನ ಕಡೆ ತಿರುಗಿದಳು. ಆ ಹಳೆಯ ಕಂಪ್ಯೂಟರಿನಿಂದ ಹೋದ ವಾರವಷ್ಟೇ ವೈರಸ್ಸನ್ನು ಹೆಕ್ಕಿ ತೆಗೆದು, ಇಂಟರ್ನೆಟ್ಟಿನ ವೈರನ್ನೂ ಕಿತ್ತು, "ಇನ್ನು ಇದಕ್ಕೆ ನೆಗಡಿನೂ ಬರಲ್ಲ" ಎಂದು ಜಂಬ ಕೊಚ್ಚಿಕೊಂಡು ಹೋಗಿದ್ದವಳು ಅವಳೇ. ಪೇಟೆಯಲ್ಲಿ ಅವಳದು ಕಂಪ್ಯೂಟರ್ ರಿಪೇರಿ ಅಂಗಡಿ. ಉಳಿದವರು ಗುಜರಿಗೆ ಹಾಕಿ ಎಂದು ಕೈಬಿಟ್ಟ ಯಂತ್ರಗಳನ್ನು ಅವಳು ಎಬ್ಬಿಸಿ ಕೂರಿಸುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ ಡಾಕ್ಟ್ರಮ್ಮ. ಅಂಥವಳ ಔಷಧಿ ಒಡಹುಟ್ಟಿದವಳ ಹತ್ತಿರವೇ ನಾಟುವುದಿಲ್ಲ ಎಂದರೆ ಮುಖ ಎಲ್ಲಿಟ್ಟುಕೊಳ್ಳಬೇಕು?

"ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತಾರಾ," ಎಂದ ಭಾವ, ಅಂಟಿನ ಡಬ್ಬಿಯಿಂದ ತಲೆ ಎತ್ತದೆ. ಹೆಂಡತಿಯ ತಂಗಿಯನ್ನು ಕೆಣಕದಿದ್ದರೆ ಅವನಿಗೆ ಕುಡಿದ ಚಹಾ ಅರಗುತ್ತಿರಲಿಲ್ಲ.

ಅದು ಬ್ರೈಲ್ ಪುಸ್ತಕ ಮಾಡುವ ಎರಡು ಕೋಣೆಯ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ದಪ್ಪ ಹಾಳೆಯ ಕಟ್ಟುಗಳು, ಹಿಂದಿನ ಕೋಣೆಯಲ್ಲಿ ಹಾಳೆಗೆ ಚುಕ್ಕಿ ಒತ್ತುವ ಯಂತ್ರ, ಅದರ ಪಕ್ಕದಲ್ಲಿ ಈ ಮುದಿ ಕಂಪ್ಯೂಟರು. ಭಾವ ಯಂತ್ರ ನಡೆಸಿ ಹೊಲಿಗೆ ಹಾಕುವವನು. ಹುಟ್ಟಿನಿಂದ ಕಣ್ಣು ಕಾಣದ ಅಕ್ಕ ಪ್ರೆಸ್ಸಿನ ಒಡತಿ. ಅವಳ ಬೆರಳಿನ ಕೆಳಗೆ ಹಾದು ಬಾರದ ಒಂದು ಹಾಳೆಯೂ ಆ ಬಾಗಿಲು ದಾಟುತ್ತಿರಲಿಲ್ಲ.

ಹೊಸ ಕಂಪ್ಯೂಟರ್ ತಂದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಚುಕ್ಕಿಯಂತ್ರಕ್ಕೆ ಗೊತ್ತಿದ್ದದ್ದು ಒಂದೇ ಒಂದು ತಂತ್ರಾಂಶದ ಮಾತು, ಆ ತಂತ್ರಾಂಶ ಏಳುತ್ತಿದ್ದದ್ದು ಆ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ, ಅದನ್ನು ಬರೆದ ಕಂಪನಿಯೋ ಬಾಗಿಲು ಹಾಕಿಕೊಂಡು ಯಾವ ಕಾಲವಾಯಿತೋ. ಈ ಗಂಡನಿಗೆ ಈ ಹೆಂಡತಿಯೇ ಆಗಬೇಕು ಎಂಬಂಥ ಸಂಬಂಧ.

ಇವತ್ತು ಮಾತ್ರ ಆ ಸಂಸಾರ ಮುರಿಯುವಂತಿರಲಿಲ್ಲ. ಅಂಧ ಮಕ್ಕಳ ಶಾಲೆಯ ಪರೀಕ್ಷೆ ಹತ್ತಿರ ಬಂದಿತ್ತು. ಪ್ರಶ್ನೆಪತ್ರಿಕೆ ಒತ್ತಿಸಲು ಹೆಡ್ ಮೇಡಂ ಮಧ್ಯಾಹ್ನ ಬರುವವರಿದ್ದರು. ಹೋದ ಸಲ ಒಯ್ದ ಹಾಳೆಗಳಲ್ಲಿ ಅಕ್ಷರಗಳು ಕಲಸಿಹೋಗಿದ್ದವು. ಈ ಸಲವೂ ಹಾಗೇ ಆದರೆ ಪತ್ರಿಕೆಯೇ ಬೇಡ, ಪ್ರಶ್ನೆಗಳನ್ನು ಯಾರಾದರೂ ಓದಿ ಹೇಳಲಿ, ಮಕ್ಕಳು ಕೇಳಿ ಉತ್ತರ ಬರೆಯಲಿ ಎಂದು ಅವರು ಆಗಲೇ ಹೇಳಿಯಾಗಿತ್ತು.

ಅಕ್ಕನಿಗೆ ಸಹಿಸಲಾಗದ ಮಾತೆಂದರೆ ಅದೊಂದೇ. ಅವಳು ಓದುವ ಕಾಲಕ್ಕೂ ಹಾಗೇ ಓದಿ ಹೇಳಿಸುತ್ತಿದ್ದರು. ಒಂದು ಪರೀಕ್ಷೆಯಲ್ಲಿ ಓದಲು ಕೂತವನು ಮೂಗಿನಲ್ಲೇ ಗೊಣಗಿ ಮುಗಿಸಿದ್ದ. ಇನ್ನೊಂದು ಸಲ ಹೇಳಿ ಎಂದು ಇವಳು ಕೇಳಿದ್ದಕ್ಕೆ, "ಕಿವಿನೂ ಇಲ್ವಾ ನಿಂಗೆ?" ಎಂದಿದ್ದ. ಉತ್ತರ ಗೊತ್ತಿತ್ತು, ಪ್ರಶ್ನೆ ಗೊತ್ತಾಗಲಿಲ್ಲ. ಆಮೇಲೆ ಅವಳು ಬಾಯಿಬಿಡಲಿಲ್ಲ, ಆ ಪರೀಕ್ಷೆಯಲ್ಲಿ ಫೇಲಾದಳು. ಈ ಪ್ರೆಸ್ಸು ಹುಟ್ಟಿದ್ದೇ ಆ ಸಿಟ್ಟಿನಲ್ಲಿ.

ಡಾಕ್ಟ್ರಮ್ಮ ತೋಳೇರಿಸಿ ಕುಳಿತಳು. ತನ್ನ ಸೀಡಿಯಿಂದ ಕಂಪ್ಯೂಟರನ್ನು ಎಬ್ಬಿಸಿ ಮೂಲೆಮೂಲೆ ಜಾಲಾಡಿದಳು. ಹಳೆಯ ಕಳ್ಳನೇ ಮತ್ತೆ ಬಂದು ಕುಳಿತಿದ್ದ. ಚುಕ್ಕಿಯಂತ್ರಕ್ಕೆ ಅಕ್ಷರ ಹೋಗುವ ಹೊತ್ತಿಗೆ ಈ ವೈರಸ್ಸು ನಡುವೆ ಬಾಯಿ ಹಾಕುತ್ತಿತ್ತು, ಒಂದೆರಡು ಅಕ್ಷರ ಅದರ ಪಾಲಾಗುತ್ತಿದ್ದವು. ಬ್ರೈಲಿನಲ್ಲಿ ಒಂದು ಚುಕ್ಕಿ ಆಚೀಚೆಯಾದರೂ ಅಕ್ಷರವೇ ಬೇರೆ. ಅವಳು ಅದನ್ನು ಮತ್ತೆ ಕಿತ್ತೆಸೆದು ಒಂದು ಹಾಳೆ ಒತ್ತಿಸಿದಳು.

ಅಕ್ಕ ಸವರಿ ನೋಡಿ, "ಇದು ಸರಿಯಿದೆ. ಮುತ್ತು ಪೋಣಿಸಿದ ಹಾಗಿದೆ," ಎಂದಳು.

"ಹಾಗಾದ್ರೆ ಪ್ರಶ್ನೆಪತ್ರಿಕೆ ಹಾಕ್ತೀನಿ," ಎಂದು ಭಾವ ಅಂಗಿ ಜೇಬಿನಿಂದ ಕೆಂಪು ದಾರ ಕಟ್ಟಿದ ಪೆನ್ ಡ್ರೈವ್ ತೆಗೆದು ಚುಚ್ಚಿದ. ಯಾರೂ ಕೀಲಿ ಒತ್ತಿರಲಿಲ್ಲ, ಆದರೂ ಕಂಪ್ಯೂಟರ್ ಡಬ್ಬದ ಮೇಲಿನ ಪುಟ್ಟ ದೀಪ ಪಟಪಟನೆ ಮಿನುಗತೊಡಗಿತು. ಡಾಕ್ಟ್ರಮ್ಮನ ಕಣ್ಣು ಅಲ್ಲೇ ನೆಟ್ಟಿತು.

"ಭಾವ, ಹೊರಗಿನ ಪೆನ್ ಡ್ರೈವ್ ಹಾಕಬಾರದು ಅಂತ ಅಷ್ಟು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೀನಿ. ಕಣ್ಣಿಗೆ ಬೀಳಲಿಲ್ವಾ?"

"ಹೊರಗಿನದು ಯಾವತ್ತು ಹಾಕಿದೀನಿ? ಇದು ನಮ್ಮದೇ. ದಾರ ಕಟ್ಟಿದ್ದೂ ನಾನೇ."

"ಈ ವಾರ ಇದು ಎಲ್ಲೆಲ್ಲಿಗೆ ಹೋಗಿತ್ತು?"

"ಶಾಲೆ ಆಫೀಸಿಗೆ. ಅಲ್ಲಿಂದ ಜೆರಾಕ್ಸ್ ಅಂಗಡಿಗೆ. ಪಕ್ಕದ ಮನೆಯವರು ಏನೋ ಫೋಟೋ ಹಾಕ್ಕೊಡಿ ಅಂದ್ರು, ಅಲ್ಲಿಗೂ ಹೋಗ್ಬಂತು." ಭಾವ ಎದೆ ಸೆಟೆಸಿ ನಿಂತ. "ಯಾರಾದ್ರೂ ಅವರ ಪೆನ್ ಡ್ರೈವ್ ಹಿಡ್ಕೊಂಡು ಬಂದ್ರೆ ಹೊಸಿಲಲ್ಲೇ ನಿಲ್ಲಿಸ್ತೀನಿ. ನಮ್ಮದನ್ನ ತಗೊಂಡು ಹೋಗಿ, ಅವರ ಕಂಪ್ಯೂಟರಿಗೆ ಚುಚ್ಚಿ, ಫೈಲ್ ಹಾಕಿಸ್ಕೊಂಡು ಬರ್ತೀನಿ. ಅಷ್ಟು ಜಾಗ್ರತೆ ನಂದು."

ಅಕ್ಕ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಮೇಜಿಗೆ ಹಣೆ ಆನಿಸಿ ನಕ್ಕಳು. ಡಾಕ್ಟ್ರಮ್ಮನಿಗೆ ಮಾತ್ರ ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ಮನೆ ಮಗನೇ ಆಗ್ಲಿ ಭಾವ, ಊರೆಲ್ಲ ಕೆಸರು ತುಳ್ಕೊಂಡು ಬಂದ್ರೆ ಕಾಲು ತೊಳ್ಕೊಂಡು ತಾನೇ ಒಳಗೆ ಬರಬೇಕು?"

ಭಾವ ಪೆನ್ ಡ್ರೈವನ್ನೂ ಗೋಡೆಯ ಚೀಟಿಯನ್ನೂ ನೋಡಿದ. "ಹಾಗಂತ ಬರೀಬೇಕಿತ್ತು. ಹೊರಗಿನದು ಅಂತ ಬರೆದ್ರೆ ನಮ್ಮದು ಹೇಗೆ ಹೊರಗಿನದಾಗುತ್ತೆ?"

ಸತ್ಯವೇ. ಡಾಕ್ಟ್ರಮ್ಮ ಎದ್ದು ಆ ಚೀಟಿಯನ್ನು ಕಿತ್ತು ಬುಟ್ಟಿಗೆ ಹಾಕಿದಳು. ವೈರಸ್ಸು ಒಳಗೆ ಬಂದದ್ದು ತಾನೇ ಬರೆದ ಪದದ ಬೆನ್ನೇರಿ ಎಂದು ಗೊತ್ತಾದ ಮೇಲೆ ಅವಳಿಗೆ ಯಾಕೋ ಹುರುಪೇ ಬಂತು. ಕಳ್ಳ ಬರುವ ದಾರಿ ತಿಳಿಯಿತಲ್ಲ, ಇನ್ನು ಬರಲಿ ನೋಡೋಣ.

ಕಂಪ್ಯೂಟರನ್ನು ಮತ್ತೊಮ್ಮೆ ಗುಡಿಸಿ ಸಾರಿಸಿದ್ದಾಯಿತು. ಪೆನ್ ಡ್ರೈವ್ ಚುಚ್ಚಿದ ಕೂಡಲೇ ಅದರಲ್ಲಿದ್ದದ್ದು ತಾನಾಗಿ ಓಡುವ ಹಳೆಯ ಚಾಳಿಯನ್ನು ನಿಲ್ಲಿಸಿದಳು. ಭಾವ ಇಷ್ಟು ದಿನ ಕಂಪ್ಯೂಟರಿನ ಯಜಮಾನನ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದ, ಅವನ ಬೆನ್ನಿಗೆ ಬಂದ ಕಳ್ಳನಿಗೂ ಯಜಮಾನನ ಅಧಿಕಾರವೇ ಸಿಗುತ್ತಿತ್ತು. ಅವನಿಗೆ ಸಾಮಾನ್ಯ ಬಳಕೆದಾರನ ಖಾತೆ ಮಾಡಿಕೊಟ್ಟಳು.

"ಅಂದ್ರೆ ನನ್ನ ಯಜಮಾನಿಕೆ ಹೋಯ್ತಾ?" ಎಂದ ಭಾವ.

"ಅದು ಮದುವೆ ದಿನವೇ ಹೋಯ್ತು," ಎಂದಳು ಅಕ್ಕ.

ಆಮೇಲೆ ಡಾಕ್ಟ್ರಮ್ಮ ಪ್ರಶ್ನೆಪತ್ರಿಕೆಯನ್ನು ಮಾತ್ರ ಉಳಿಸಿ ಪೆನ್ ಡ್ರೈವ್ ತೊಳೆದು ಶುದ್ಧ ಮಾಡಿ, ಅದರಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿದಳು. ಅದಕ್ಕಿಟ್ಟದ್ದು ಆ ವೈರಸ್ಸು ಬಂದಾಗಲೆಲ್ಲ ಮಾಡಿಕೊಳ್ಳುತ್ತಿದ್ದ ಫೈಲಿನದೇ ಹೆಸರು. ಭಾವನಿಗೆ ಇದು ಅರ್ಥವಾಗಲಿಲ್ಲ. ಖಾಲಿ ಫೋಲ್ಡರಿಂದ ಏನು ಉಪಯೋಗ ಎಂದು ಕೇಳಿದ.

"ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿತೀರಲ್ಲ, ಅದೇ. ಒಂದೇ ಹೆಸರಲ್ಲಿ ಇಬ್ಬರು ಕೂರೋ ಹಾಗಿಲ್ಲ. ಅವನು ಬರ್ತಾನೆ, ಟವೆಲ್ ನೋಡ್ತಾನೆ, ನಿಂತ್ಕೊಂಡೇ ಇರ್ತಾನೆ."

"ಟವೆಲ್ ಎತ್ತಿ ಬಿಸಾಕಿ ಕೂರೋ ಪುಂಡರೂ ಇರ್ತಾರೆ."

"ಇರ್ತಾರೆ. ಅದಕ್ಕೇ ಬಾಗಿಲಲ್ಲೊಬ್ಬ ಕಂಡಕ್ಟರ್." ಅವಳು ಚೀಲದಿಂದ ಹಳೆಯ ಲ್ಯಾಪ್‌ಟಾಪೊಂದನ್ನು ತೆಗೆದು ಮುಂದಿನ ಕೋಣೆಯ ಸ್ಟೂಲಿನ ಮೇಲಿಟ್ಟಳು. ಅದರ ಆಪರೇಟಿಂಗ್ ಸಿಸ್ಟಮ್ಮೇ ಬೇರೆ, ಈ ವೈರಸ್ಸಿನ ಆಟ ಅಲ್ಲಿ ನಡೆಯುತ್ತಿರಲಿಲ್ಲ. ಇನ್ನು ಮೇಲೆ ನಮ್ಮದಾಗಲಿ, ಊರವರದಾಗಲಿ, ಪ್ರತಿಯೊಂದು ಪೆನ್ ಡ್ರೈವೂ ಅಲ್ಲಿ ಕಾಲು ತೊಳೆದುಕೊಂಡೇ ಒಳಗೆ ಬರಬೇಕು. ಕೊನೆಗೆ ಇಡೀ ಕಂಪ್ಯೂಟರಿನ ಪಡಿಯಚ್ಚನ್ನು ಬೇರೊಂದು ಡಿಸ್ಕಿಗೆ ಇಳಿಸಿ ಬೀರುವಿನಲ್ಲಿಟ್ಟಳು. ನಾಳೆ ಏನೇ ಆದರೂ ಇವತ್ತಿನ ಸ್ಥಿತಿಗೆ ಮರಳಲು ಅದು ಸಾಕು.

ಹೆಡ್ ಮೇಡಂ ಬಂದಾಗ ಚುಕ್ಕಿಯಂತ್ರ ಟಕಟಕ ಎನ್ನುತ್ತ ಮೊದಲ ಹಾಳೆಯನ್ನು ಉಗುಳುತ್ತಿತ್ತು. ಮೇಡಂ ಕುಳಿತುಕೊಳ್ಳಲಿಲ್ಲ, ಕೈಚೀಲವನ್ನೂ ಕೆಳಗಿಡಲಿಲ್ಲ. ಅಕ್ಕ ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದತೊಡಗಿದಳು. ಒಂದನೇ ಪ್ರಶ್ನೆ ಸರಿ, ಎರಡು ಸರಿ. ಡಾಕ್ಟ್ರಮ್ಮ ಆ ಬೆರಳನ್ನೇ ನೋಡುತ್ತಿದ್ದಳು. ಬೆರಳು ಇಳಿಯಿತು, ಇಳಿಯಿತು, ತಟ್ಟನೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಸವರಿತು.

"ತಪ್ಪಿದೆ," ಎಂದಳು ಅಕ್ಕ.

ಡಾಕ್ಟ್ರಮ್ಮ ಗೋಡೆಗೆ ಒರಗಿದಳು. ಭಾವ ಪೆನ್ ಡ್ರೈವನ್ನು ಜೇಬಿನೊಳಗೆ ಅದುಮಿದ. ಮೇಡಂ, "ನಾನು ಹೇಳಿರಲಿಲ್ವಾ," ಎಂದು ಬಾಗಿಲ ಕಡೆ ತಿರುಗಿದರು.

"ಯಂತ್ರದ್ದಲ್ಲ ಮೇಡಂ, ನಿಮ್ಮದು," ಎಂದಳು ಅಕ್ಕ. "ಹಗಲು ರಾತ್ರಿ ಯಾಕೆ ಆಗುತ್ತೆ ಅಂತ ಕೇಳಿದ್ದೀರ. ಕೆಳಗೇ, ಭೂಮಿ ತನ್ನ ಸುತ್ತ ತಾನು ತಿರುಗೋದ್ರಿಂದ ಅಂತ ಉತ್ತರನೂ ಬರೆದಿದ್ದೀರ. ಒಂದು ಚುಕ್ಕಿನೂ ಬಿಡದೆ ಬಂದಿದೆ."

ಮೇಡಂ ಓಡಿ ಬಂದು ತಮ್ಮ ಪ್ರತಿ ನೋಡಿಕೊಂಡರು. ಟೈಪ್ ಮಾಡುವಾಗ ಉತ್ತರದ ಸಾಲನ್ನು ಅಳಿಸಲು ಮರೆತಿದ್ದರು. ಅವರಿಗೂ ನಗು ತಡೆಯಲಾಗಲಿಲ್ಲ. ಕೈಚೀಲ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕುಳಿತು, "ಎಲ್ಲ ತರಗತಿಯದ್ದೂ ಇಲ್ಲೇ ಒತ್ತಿಬಿಡಿ ತಾಯಿ," ಎಂದರು. "ಓದಿ ಹೇಳೋಕೆ ಯಾರೂ ಬರೋದು ಬೇಡ ಅಂತ ಇವತ್ತೇ ತಿಳಿಸ್ತೀನಿ."

ಭಾವ ಆ ಸಾಲು ಅಳಿಸಿ ಮತ್ತೆ ಹಾಳೆ ಹಾಕಿದ. ಡಾಕ್ಟ್ರಮ್ಮ ಕಣ್ಣೊರೆಸಿಕೊಂಡಳು, ಯಾರೂ ನೋಡಲಿಲ್ಲವೆಂದುಕೊಂಡಳು, ಆದರೆ ಅಕ್ಕ ಕೈಚಾಚಿ ಅವಳ ಮುಂಗೈ ಹಿಡಿದಿದ್ದಳು. ಹಿಡಿದ ಕೈ ಬಿಡದೆಯೇ ಮೇಡಂ ಕಡೆ ತಿರುಗಿ, ಯಂತ್ರದ ಸದ್ದನ್ನು ಮೀರುವಂತೆ ಹೇಳಿದಳು: "ಮಕ್ಕಳಿಗೆ ಒಂದು ಮಾತು ಹೇಳಿ ಮೇಡಂ. ಪ್ರಶ್ನೆ ಅರ್ಥ ಆಗದಿದ್ರೆ ಇನ್ನೊಂದು ಸಲ ಓದ್ಕೊಳ್ಳಿ ಅಂತ. ಎಷ್ಟು ಸಲ ಬೇಕಾದ್ರೂ ಓದ್ಕೊಳ್ಳಲಿ, ಯಾರನ್ನೂ ಕೇಳಬೇಕಾಗಿಲ್ಲ."