ಮೊದಲ ಎಲೆಯ ರಸ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಾಪುವಿನ ಸರ್ವೋತ್ತಮನ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿ ಹಿತ್ತಲ ಹೊಗೆಸೊಪ್ಪೇ ಮದ್ದು. ಪ್ರತಿವರ್ಷ ಮೊದಲು ಕೊಯ್ದ ಎಲೆಗಳಲ್ಲಿ ಒಂದನ್ನು ಹಿತ್ತಲಲ್ಲೇ ಇದ್ದ ಗುಳಿಗ ದೈವದ ಕಲ್ಲಿನ ಮೇಲಿಟ್ಟು, ಇನ್ನೊಂದನ್ನು ಅರೆದು, ಅದರ ರಸವನ್ನು ಮಕ್ಕಳಿಗೆ ಒಂದು ಚಮಚ ಕುಡಿಸುವುದು ಅವನ ತಾಯಿ ಅಕ್ಕು ನಡೆಸಿಕೊಂಡು ಬಂದ ಕಟ್ಟಳೆ. ಹೊಟ್ಟೆಯ ಹುಳವೂ ಬೀಳುತ್ತದಂತೆ, ದೈವದ ಕಾವಲೂ ಸಿಗುತ್ತದಂತೆ.

ಕಡಲ ಬದಿಯ ಆ ಹೊಯಿಗೆಯ, ಬರೀ ಮರಳಿನ ನೆಲದಲ್ಲಿ ನೀರೂ ನಿಲ್ಲದು, ಗೊಬ್ಬರವೂ ನಿಲ್ಲದು. ಅಪ್ಪನ ಕಾಲದಲ್ಲಿ ಬೂದಿಯ ಜೊತೆ ನಾಲ್ಕು ಹಿಡಿ ಒಣ ಬೂತಾಯಿ ಮೀನು ಹಾಕಿದರೆ ಮುಗಿಯಿತು; ಎಲೆ ತೆಳ್ಳಗೆ, ಹಳದಿಯಾಗಿ ಬರುತ್ತಿತ್ತು. ಎಪ್ಪತ್ತೆಂಟನೇ ಇಸವಿಯಲ್ಲಿ ಸರ್ವೋತ್ತಮ ಹೊಸ ದಾರಿ ಹಿಡಿದ. ಆಳಕ್ಕೆ ಅಗೆದು, ಕೆರೆಯ ಕೆಸರುಮಣ್ಣು ಬೆರೆಸಿ, ಹಟ್ಟಿಗೊಬ್ಬರ ತುಂಬಿ, ಏರಿ ಕಟ್ಟಿ, ಮೇಲಿಂದ ಮೇಲೆ ಯೂರಿಯಾ ಕೊಟ್ಟ. ಕುಡಿ ಚಿವುಟಿದ ಮೇಲಂತೂ ಎಲೆಗಳು ಕಪ್ಪುಹಸಿರಾಗಿ ಮೊರದಷ್ಟು ಅಗಲವಾದವು.

“ಒಂದು ಚೂರು ಬಾಯಿಗೆ ಹಾಕಿದರೆ ತಲೆ ತಿರುಗ್ತದೆ ಮಾರಾಯ!” ಎಂದು ನೆರೆಯವರು ಹೊಗಳಿದಾಗ ಅವನು ಹಿಗ್ಗಿಹೋದ. ಅದು ಎಚ್ಚರಿಕೆ ಎಂದು ಅವನಿಗೆ ಹೊಳೆಯಲಿಲ್ಲ.

ಮೊದಲ ಕೊಯ್ಲಿನ ದಿನ ಹೆಂಡತಿ ಮನೋರಮಾ ಅಡ್ಡ ನಿಂತಳು. “ಇದು ಬೇಡ ಅತ್ತೆ. ಹುಳಕ್ಕೆ ಮಾತ್ರೆ ಉಂಟು ಅಂತ ನರ್ಸ್ ಪ್ರೆಸಿಲ್ಲಾ ಬಾಯಿ ಹೇಳಿದ್ದಾರೆ.”

“ನಾನು ಹೆತ್ತ ಮಕ್ಕಳಿಗೆಲ್ಲ ಇದನ್ನೇ ಕೊಟ್ಟದ್ದು. ನಿನ್ನ ಗಂಡ ಸತ್ತಿದ್ದಾನಾ?” ಅಕ್ಕು ಗದರಿದಳು.

“ಬಿಡು, ಒಂದು ಚಮಚ ಅಲ್ವಾ?” ಎಂದು ಸರ್ವೋತ್ತಮ ನಕ್ಕ. ಐದು ವರ್ಷದ ಮಗಳು ಜಲಜಾ ಮೂಗು ಹಿಡಿದುಕೊಂಡು ಕುಡಿದಳು.

ಸ್ವಲ್ಪ ಹೊತ್ತಿನಲ್ಲೇ ಮಗು ವಾಂತಿ ಮಾಡಿತು. ಜೊಲ್ಲು ಸುರಿಯಿತು, ಮೈ ಬೆವೆತು ತಣ್ಣಗಾಯಿತು, ಕೈಕಾಲು ಅದುರತೊಡಗಿದವು. ಅಕ್ಕು ಗುಳಿಗನಿಗೆ ಹರಕೆ ಹೇಳುತ್ತ ಕೂತಳು. ಸರ್ವೋತ್ತಮ ಮಗುವನ್ನು ಎತ್ತಿಕೊಂಡು ಓಡಿ ಬಾಡಿಗೆ ಕಾರು ಹತ್ತಿದ. ಉಡುಪಿ ತಲುಪುವ ಮೊದಲೇ ಅವನ ತೊಡೆಯ ಮೇಲೆ ಉಸಿರು ನಿಂತಿತು. ನಂಬಲಾಗದೆ ಅವನು ಆಸ್ಪತ್ರೆಯವರೆಗೂ ಮಗುವಿನ ಅಂಗಾಲು ಉಜ್ಜುತ್ತಲೇ ಇದ್ದ.

ಮರುದಿನ ಪ್ರೆಸಿಲ್ಲಾ ಬಂದರು.

“ನಾವೆಲ್ಲ ಕುಡಿದವರೇ ಅಲ್ವಾ ಬಾಯಿ? ನಮಗೆಂತ ಆಗಲಿಲ್ಲವಲ್ಲ!” ಎಂದು ಅವನು ಅತ್ತ.

“ಯೂರಿಯಾ ಸುರಿದು ಎಲೆಯ ವಿಷ ಹೆಚ್ಚಿಸಿದ್ದೀರಿ. ಆದರೆ ಮೊದಲಿನದ್ದೂ ವಿಷವೇ. ನೀವು ಉಳಿದದ್ದು ನಿಮ್ಮ ಅದೃಷ್ಟ.”

ಮೂಲೆಯಲ್ಲಿದ್ದ ಅಕ್ಕು ತಲೆಯೆತ್ತಿದಳು. “ನನ್ನ ಲಚ್ಚುಗೂ ಹೀಗೇ ಜೊಲ್ಲು ಸುರಿದಿತ್ತು.”

ಸರ್ವೋತ್ತಮ ಬೆಚ್ಚಿದ. ಲಚ್ಚು ಅವನು ಹುಟ್ಟುವ ಮೊದಲೇ ತೀರಿಹೋದ ಅಕ್ಕ.

“ಅವಳೂ ಮೊದಲ ಎಲೆಯ ದಿನವೇ ಹೋದದ್ದು. ಗುಳಿಗ ಕೊಂಡುಹೋದ ಅಂತ ಹೇಳಿದರು, ನಂಬಿದೆ. ಹಾಗಾದರೆ ಕೊಂದದ್ದು ನಾನಾ ಬಾಯಿ?”

ಸರ್ವೋತ್ತಮ ಹಾರೆ ಹಿಡಿದು ಹಿತ್ತಲಿಗೆ ಇಳಿದ. ಗಂಡಹೆಂಡತಿ ಸೇರಿ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತು ಗುಂಡಿಗೆ ಎಸೆದರು. ಗುಳಿಗನ ಕಲ್ಲಿನ ಮೇಲಿನ ಎಲೆಯೊಂದು ಉಳಿದಿತ್ತು. ಅದನ್ನು ಮುಟ್ಟಲು ಸರ್ವೋತ್ತಮನ ಕೈ ಹಿಂಜರಿಯಿತು.

ಅಕ್ಕು ಮೆಟ್ಟಿಲಿಳಿದು ಬಂದು ಅದನ್ನು ತಾನೇ ತೆಗೆದು ಗುಂಡಿಗೆ ಎಸೆದಳು.