ಬಿಪಿ ನೋಡುವಾಗ ಮಾತಾಡಬಾರದು

ಸರ್ಕಾರಿ ಆಸ್ಪತ್ರೆಗಳ ಹೊಸ ನೀತಿ ರೂಪಿಸುವ ಸಮಿತಿಗೆ ನರ್ಸ್‌ಗಳ ಪರವಾಗಿ ನನ್ನನ್ನೂ ಸೇರಿಸಿದ್ದರು. ಭಾಂಡುಪ್‌ನಿಂದ ಹೊರಟು, ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ ಬಾಂದ್ರಾದ ಆಫೀಸಿಗೆ ಹೋದೆ. ಬೆಳಿಗ್ಗೆಯಿಂದ ನಾನು ಬಾಯಿ ತೆರೆದಾಗಲೆಲ್ಲ ಅಧ್ಯಕ್ಷ ಸತ್ಯಮೂರ್ತಿಯವರು, "ಆಮೇಲೆ ಹೇಳಿ, ಗುರುಬಾಯಿ ಸಿಸ್ಟರ್" ಅನ್ನುತ್ತಿದ್ದರು. ಆ 'ಆಮೇಲೆ' ಬರಲೇ ಇಲ್ಲ. ವಾರ್ಡಿಗೆ ಕಾಲಿಡದವರೆಲ್ಲ ವಾರ್ಡಿನ ಬಗ್ಗೆ ತೀರ್ಮಾನ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಚಹಾ ಬಂದಾಗ ಅಧ್ಯಕ್ಷರು ಬ್ಯಾಗಿನಿಂದ ಬಿಪಿ ಮಷಿನ್ ತೆಗೆದು, ಅಂಗಿಯ ತೋಳು ಮಡಚಿ ನನ್ನ ಮುಂದೆ ಕೈ ಚಾಚಿದರು.

"ಹೇಗಿದ್ರೂ ಬಂದಿದ್ದೀರಲ್ಲ, ನನ್ನ ಬಿಪಿ ಸ್ವಲ್ಪ ನೋಡ್ಬಿಡಿ."

ನಾನು ಅವರ ತೋಳಿಗೆ ಪಟ್ಟಿ ಸುತ್ತಿದೆ. "ಐದು ಮಿನಿಟ್ ಬಾಯಿ ಮುಚ್ಕೊಂಡು ಕೂಡ್ರಿ ಸಾಹೇಬ್ರ. ಮಾತಾಡಿದ್ರ ಬಿಪಿ ತಪ್ಪು ತೋರಸ್ತದ."

ಅವರು ಸುಮ್ಮನಾದರು. ನಾನು ಶುರುಮಾಡಿದೆ.

"ನಮ್ಮ ವಾರ್ಡಿನ್ಯಾಗ ಅರವತ್ತು ಪೇಷಂಟ್, ನರ್ಸ್ ಒಬ್ಬಾಕಿ. ಒಬ್ಬರಿಗೆ ಸಲೈನ್ ಹಚ್ಚೂದ್ರಾಗ ಇನ್ನೊಬ್ಬರ ಉಸಿರು ನಿಂತಿರ್ತದ. ಬೈಸಿಕೊಳ್ಳಾಕಿನೂ ಆಕೀನೇ. ಮೊದಲು ನರ್ಸ್ ಕೊಡ್ರಿ, ಆಮ್ಯಾಲೆ ನೀತಿ ಬರೀರಿ."

ಅವರು ಏನೋ ಹೇಳಲು ಬಾಯಿ ತೆರೆದರು.

"ಆಮ್ಯಾಲೆ ಹೇಳ್ರಿ" ಎಂದೆ.

ಕೊನೆಗೆ ಬಿಪಿ ನೋಡಿದೆ.

"ಎಷ್ಟಿದೆ?" ಅವರ ದನಿ ಇಳಿದಿತ್ತು.

"ಭಾಳ ಹೆಚ್ಚದರಿ. ನಮ್ಮ ವಾರ್ಡಿಗೇ ಬರ್ರಿ. ಅರವತ್ತೊಂದನೇ ಪೇಷಂಟ್ ನೀವು."