ನಲ್ಲಿಯಿಲ್ಲದ ಮನೆಗೆ ಬೇಸಿನ್ನು

"ಇಪ್ಪತ್ತೈದು ಸಾವಿರಾನಾ? ನಿಮ್ಮಮ್ಮನ್ನ ಬಕೆಟ್ ಸಮೇತ ಹರಾಜಿಗಿಟ್ರೂ ಅಷ್ಟು ಹುಟ್ಟಲ್ವಲ್ಲೇ!"

ಹೀಗೆಂದು ಸಾಹುಕಾರ ಹೊಟ್ಟೆ ಕುಲುಕಿಸಿ ನಕ್ಕ. ಅವನು ನಕ್ಕನೆಂದು ಅಳಿಯ ನಕ್ಕ, ಅಳಿಯ ನಕ್ಕನೆಂದು ಲೆಕ್ಕ ಬರೆಯುವ ದಪ್ಪ ಕನ್ನಡಕದ ಸೋಡಾಬುಡ್ಡಿಯೂ ನಕ್ಕ. ಗಾಜಿನ ಕೋಣೆಯ ಆಚೆ ಅಮ್ಮ ನೆಲ ಒರೆಸುತ್ತಿದ್ದಳು. ಬಾಗಿಲು ಅರ್ಧ ತೆರೆದೇ ಇತ್ತು. ಕೇಳಿಸದವಳಂತೆ ಬಟ್ಟೆ ಹಿಂಡಿದಳು, ಆಮೇಲೆ ಹಿಂಡಿದ ಬಟ್ಟೆಯನ್ನೇ ಮತ್ತೊಮ್ಮೆ ಹಿಂಡಿದಳು.

ನಲ್ಲಿ, ಬೇಸಿನ್ನು, ಟೈಲ್ಸು ಮಾರುವ ಆ ಅಂಗಡಿಯನ್ನು ಅಮ್ಮ ಹತ್ತೊಂಬತ್ತು ವರ್ಷಗಳಿಂದ ಒರೆಸುತ್ತಿದ್ದಾಳೆ. ಒರೆಸುವುದಕ್ಕೂ ಒಂದು ಕ್ರಮವಿದೆ. ಮುಂಬಾಗಿಲಿನಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಂದು, ಕೊನೆಗೆ ಹಿಂಬಾಗಿಲಿನಿಂದ ಹೊರಗೆ ಬೀಳಬೇಕು. ಬಿಳಿ ಟೈಲ್ಸಿನ ಮೇಲೆ ಅವಳ ಹೆಜ್ಜೆ ಕಾಣಬಾರದು. ಒಂದು ಸಲ ಕಂಡಿದ್ದಕ್ಕೆ ಅರ್ಧ ದಿನದ ಕೂಲಿ ಹೋಗಿತ್ತು. ಅಲ್ಲಿ ಅವಳಿಗೆ ಹೆಸರಿಲ್ಲ, ಎಲ್ಲರೂ ಕರೆಯುವುದು ಬಕೆಟ್ಟು ಎಂದೇ.

ನಾನು ಬಕೆಟ್ಟಿನ ಮಗಳು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಟೈಪು ಮಾಡುತ್ತೇನೆ. ಕೆಲಸ ಮುಗಿದ ಮೇಲೆ ಅಲ್ಲಿನ ಹಳೇ ಕಂಪ್ಯೂಟರಿನಲ್ಲಿ ಎರಡು ವರ್ಷ ತಿಣುಕಿ ವೆಬ್‌ಸೈಟು ಮಾಡುವುದನ್ನು ಕಲಿತೆ. ಇದು ನನ್ನ ಮೊದಲನೆಯ ಕೆಲಸ. ಕೇಳಿದ್ದು ನಾನಲ್ಲ, ಸಾಹುಕಾರನೇ. ತಿಂಗಳ ಹಿಂದೆ ಅಮ್ಮನಿಗೆ ಊಟದ ಡಬ್ಬಿ ಕೊಡಲು ಹೋದಾಗ ತಡೆದು ನಿಲ್ಲಿಸಿದ್ದ.

"ಏನೋ ವೆಬ್‌ಸೈಟು ಗಿಬ್‌ಸೈಟು ಮಾಡ್ತೀಯಂತೆ? ನಮಗೊಂದು ಸ್ಯಾಂಪಲ್ ಮಾಡಿ ತೋರ್ಸು. ರೇಟು ಗೀಟು ಆಮೇಲೆ ಮಾತಾಡೋಣ."

ಸ್ಯಾಂಪಲ್ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ನಮ್ಮಜ್ಜಿ ಪಾತ್ರೆ ಬೆಳಗಿದಳು, ಅಮ್ಮ ನೆಲ ಒರೆಸಿದಳು. ಕೆಲಸವನ್ನು ಪೂರ್ತಿ ಮುಗಿಸಿ, ಕೈ ಕಟ್ಟಿ ನಿಂತು, ಅವರ ಕೈ ಜೇಬಿಗೆ ಹೋಗುವುದನ್ನು ಕಾಯುವುದೇ ನಮಗೆ ಗೊತ್ತಿರುವ ರೀತಿ. ಎಷ್ಟು ಕೊಡಲಿ ಎಂದರೆ "ನಿಮಗೆ ತಿಳಿದಷ್ಟು ಕೊಡಿ ಸ್ವಾಮಿ". ನಾನೂ ಅದನ್ನೇ ಮಾಡಿದೆ. ನೂರಾ ನಲವತ್ತು ನಲ್ಲಿಗಳನ್ನು ಒಂದೊಂದಾಗಿ ನನ್ನ ವೇಲಿನಿಂದಲೇ ಒರೆಸಿ ಫೋಟೋ ತೆಗೆದೆ. ಇಪ್ಪತ್ತೆರಡು ಪುಟ ಕಟ್ಟಿದೆ. ಅಂಗಡಿಯ ಹೆಸರಿನಲ್ಲಿ ವೆಬ್‌ಸೈಟಿನ ವಿಳಾಸವನ್ನೂ ನನ್ನ ಸಂಬಳದಲ್ಲೇ ಕೊಂಡು, ಒಂದು ಗೀರೂ ಬಾಕಿ ಉಳಿಸದೆ ಮುಗಿಸಿದೆ.

ನಾನು ಅಣ್ಣ ಎಂದು ಕರೆಯುವ ಪ್ರೆಸ್ಸಿನ ಮಾಲೀಕ ಅದನ್ನು ನೋಡಿ ತಲೆ ಚಚ್ಚಿಕೊಂಡ.

"ಸ್ಯಾಂಪಲ್ ಅಂದ್ರೆ ಒಂದು ಪುಟ ಕಣೇ ದಡ್ಡಿ! ಮನೆ ಪೂರ್ತಿ ಕಟ್ಟಿ ಗೃಹಪ್ರವೇಶ ಮಾಡ್ಕೊಳಿ ಅಂತೀಯಲ್ಲ! ಅರ್ಧ ದುಡ್ಡು ಮುಂಗಡ, ಅರ್ಧ ಬೀಗದ ಕೈ ಕೊಡೋವಾಗ. ಹೀಗೆ ಕಣೇ ವ್ಯಾಪಾರ."

"ಎಷ್ಟು ಕೇಳ್ಲಿ ಅಣ್ಣ?"

"ಇಷ್ಟು ಕೆಲಸಕ್ಕೆ ಇಪ್ಪತ್ತೈದು ಸಾವಿರ ಕೇಳು. ಕೇಳಿ ಬಾಯಿ ಮುಚ್ಕೊಂಡು ಕೂತ್ಕೊ. ಜಾಸ್ತಿ ಆಯ್ತಾ, ಬಿಡಿ ಸಾರ್, ಅಂತೆಲ್ಲ ನೀನೇ ಇಳಿಸ್ತಾ ಹೋಗ್ಬೇಡ."

ಅಣ್ಣ ಒಳ್ಳೆಯವನೇ. ಆದರೂ ನನಗೆ ಅನುಮಾನ. ಇವನಿಗೂ ಇದರಲ್ಲಿ ಪಾಲು ಬೇಕೇನೋ, ನನ್ನನ್ನು ಎತ್ತಿಕಟ್ಟಿ ತಮಾಷೆ ನೋಡುತ್ತಿದ್ದಾನೇನೋ ಎಂದುಕೊಂಡೆ. ಒಂದು ವಾರ ಪಾತ್ರೆ ತೊಳೆಯುತ್ತ "ಇಪ್ಪತ್ತೈದು ಸಾವಿರ, ಇಪ್ಪತ್ತೈದು ಸಾವಿರ" ಎಂದು ಪಾಠ ಒಪ್ಪಿಸಿದೆ. ಅಮ್ಮ ಒಂದು ದಿನ ಕೇಳಿಸಿಕೊಂಡು ಬಾಯಿಗೆ ಸೆರಗು ಹಿಡಿದಳು. ನಕ್ಕಳೋ, ಬೆಚ್ಚಿದಳೋ ತಿಳಿಯಲಿಲ್ಲ.

ಅದೇ ವಾರವೇ ನಮ್ಮ ಮನೆಗೆ ಬೇಸಿನ್ನು ಬಂದದ್ದು. ಬಿಳಿಯದು, ಒಂದು ಮೂಲೆ ಚಕ್ಕೆ ಎದ್ದದ್ದು. ಅಮ್ಮ ಅದನ್ನು ಗಾಡಿಯಲ್ಲಿ ಹಾಕಿಸಿಕೊಂಡು ಬಂದಿದ್ದಳು.

"ಯಾಕಮ್ಮ ಇದು?"

"ಹಾಗೇ ಕೊಟ್ರು ಕಣೆ. ಸುಮ್ನೆ ಬಿದ್ದಿತ್ತಂತೆ."

ನಮ್ಮ ಮನೆಗೆ ನಲ್ಲಿಯೇ ಇಲ್ಲ. ಬೀದಿಯ ಕೊಳಾಯಿಯಿಂದ ಬಿಂದಿಗೆಯಲ್ಲಿ ತರುತ್ತೇವೆ. ಬೇಸಿನ್ನನ್ನು ಮೂಲೆಯಲ್ಲಿಟ್ಟು ಅಮ್ಮ ಅದರಲ್ಲಿ ಈರುಳ್ಳಿ ತುಂಬಿದಳು. ಸಾಹುಕಾರ ಸುಮ್ಮನೆ ಕೊಡುವುದೆಂದರೆ ಬೈಗುಳ ಒಂದನ್ನೇ. ಈರುಳ್ಳಿ ಎತ್ತಿಕೊಳ್ಳಲು ಹೋದಾಗಲೆಲ್ಲ ಅದು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಅಮ್ಮ ಮಾತ್ರ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಳು.

ಈಗ ಗಾಜಿನ ಕೋಣೆಯಲ್ಲಿ ನಗೆ ಮುಗಿದಿತ್ತು. ಅಣ್ಣ ಹೇಳಿದಂತೆ ನಾನು ಬಾಯಿ ಮುಚ್ಚಿಕೊಂಡು ಕೂತೆ. ಅಳಿಯ ಫೋನು ತಿರುವುತ್ತ ಹೇಳಿದ, "ನನ್ನ ಫ್ರೆಂಡ್ ಮಗ ಇದನ್ನೇ ಮೂರು ಸಾವಿರಕ್ಕೆ ಮಾಡ್ತಾನೆ. ಒಂದು ಸಂಜೆ ಕೆಲಸವಂತೆ."

"ಹಾಗಾದ್ರೆ ಅವನ ಹತ್ರಾನೇ ಮಾಡ್ಸಿ ಸಾರ್."

ನನ್ನ ಬಾಯಿಂದ ಇದು ಹೇಗೆ ಬಂತೋ ಗೊತ್ತಿಲ್ಲ. ಎರಡೂ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟೆ. ಅವರು ಎದ್ದು ಹೋಗು ಎನ್ನುತ್ತಾರೆಂದು ಕಾದೆ. ಯಾರೂ ಅನ್ನಲಿಲ್ಲ. ಮಾವ, ಅಳಿಯ ಮುಖ ಮುಖ ನೋಡಿಕೊಂಡರು. ಆಗ ನನ್ನ ಕಿವಿ ನೆಟ್ಟಗಾಯಿತು. ಮೂರು ಸಾವಿರಕ್ಕೆ ಸಿಗುವುದಾದರೆ ನನ್ನನ್ನು ಇನ್ನೂ ಯಾಕೆ ಕೂರಿಸಿಕೊಂಡಿದ್ದಾರೆ?

ಸೋಡಾಬುಡ್ಡಿಯ ಕುರ್ಚಿಯ ಹಿಂದೆ ಕಾಗದದ ಚೀಲಗಳ ರಾಶಿಯಿತ್ತು. ಆಳೆತ್ತರ, ಹೊಸ ಚೀಲಗಳು. ಒಂದೊಂದರ ಮೇಲೂ ನಲ್ಲಿಯ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ನಾನು ಕೊಂಡ ವಿಳಾಸ. ಬೆಲೆ ಮಾತಾಡುವ ಮೊದಲೇ ಚೀಲ ಅಚ್ಚಾಗಿ ಬಂದಿತ್ತು.

"ಸಾರ್, ಆ ವಿಳಾಸ ನನ್ನ ಹೆಸರಲ್ಲಿದೆ."

"ಅದಕ್ಕೇ ಕರ್ಸಿದ್ದು. ಪಾಸ್‌ವರ್ಡ್ ಬರ್ದುಕೊಟ್ಟು ಹೋಗು," ಅಂದ ಅಳಿಯ.

"ದುಡ್ಡು?"

ಸಾಹುಕಾರ ಸೋಡಾಬುಡ್ಡಿಗೆ ಕಣ್ಣು ಮಿಟುಕಿಸಿದ. ಅವನು ಫೈಲಿನಿಂದ ಕಾಗದ ತೆಗೆದು, ಕನ್ನಡಕ ಮೇಲೇರಿಸಿ ಓದಿದ: "ನನ್ನ ಮಗಳು ತಯಾರಿಸಿದ ವೆಬ್‌ಸೈಟಿಗೆ ತಕ್ಕ ಪ್ರತಿಫಲ ಸಾಮಾನಿನ ರೂಪದಲ್ಲಿ ಪೂರ್ತಿ ಮುಟ್ಟಿರುತ್ತದೆ." ಕೆಳಗೆ ಅಮ್ಮನ ಸಹಿಯಿತ್ತು. ಕೊನೆಯ ಅಕ್ಷರ ಸಾಲು ಬಿಟ್ಟು ಕೆಳಗೆ ಜಾರಿತ್ತು. ಅಮ್ಮನ ಕೈ ಹಿಡಿದು ಆ ಸಹಿ ಕಲಿಸಿದವಳು ನಾನೇ.

"ಬಕೆಟ್ಟೂ! ಬಾ ಇಲ್ಲಿ!"

ಅಮ್ಮ ಬಂದು ಹೊಸ್ತಿಲ ಆಚೆ ನಿಂತಳು.

"ಬೇಸಿನ್ ಮುಟ್ಟಿತೋ ಇಲ್ವೋ?"

"ಮುಟ್ಟಿತು ಸ್ವಾಮಿ."

"ಈ ಸೈನ್ ಯಾರದು?"

"ನಂದೇ."

"ಕೇಳಿಸ್ತಾ ಮೇಡಮ್ಮು? ನಮ್ಮ ಅನ್ನ ತಿಂದು ಬೆಳ್ದು ನಮಗೇ ರೇಟು ಹೇಳ್ತೀಯಾ, ಬೋಳಿಮಗಳೆ! ನಾಳೆ ಹತ್ತು ಗಂಟೆಗೆ ದೊಡ್ಡ ಕಂಟ್ರಾಕ್ಟರ್ ಬರ್ತಾರೆ. ಅಷ್ಟರಲ್ಲಿ ಪಾಸ್‌ವರ್ಡ್ ಬರ್ಬೇಕು. ಇಲ್ಲಾಂದ್ರೆ ನಾಳೆಯಿಂದ ಇವ್ಳು ಬರೋದು ಬೇಡ."

ನಾನು ಎದ್ದು ಮುಂಬಾಗಿಲಿನಿಂದ ಹೊರಗೆ ಬಂದೆ. ಅಮ್ಮ ಹಿಂಬಾಗಿಲಿನಿಂದ ಬಂದಳು. ದಾರಿಯುದ್ದಕ್ಕೂ ಅವಳು ಹತ್ತು ಹೆಜ್ಜೆ ಹಿಂದೆಯೇ ಇದ್ದಳು. ಮನೆಗೆ ಬಂದ ಮೇಲೆ ನನ್ನ ಬಾಯಿಗೆ ಹಿಡಿತವಿರಲಿಲ್ಲ.

"ಒಡೆದ ಬೇಸಿನ್ನಿಗೆ ಮಾರ್ಬಿಟ್ಯಲ್ಲಮ್ಮ ನನ್ನ!"

"ಸಾಮಾನು ಹೊರಗೆ ಹೋಗೋಕೆ ಚೀಟಿ ಬೇಕು, ಸೈನ್ ಹಾಕು ಅಂದ್ರು. ಹಾಕ್ದೆ."

"ಓದಿಸ್ಕೋಬಾರ್ದಿತ್ತಾ?"

"ಹತ್ತೊಂಬತ್ತು ವರ್ಷದಲ್ಲಿ ಯಾವ ಚೀಟಿ ಓದ್ಸಿದ್ದೀನೆ ನಾನು?"

ನಾನು ನಂಬಲಿಲ್ಲ. ಸ್ವಂತ ತಾಯಿಯ ಮುಖವನ್ನೇ ಕಳ್ಳನ ಮುಖ ನೋಡುವಂತೆ ನೋಡಿದೆ. ಕೆಲಸ ಉಳಿಯಲೆಂದು ಗೊತ್ತಿದ್ದೇ ಹಾಕಿದಳೇ? ಆ ಅನುಮಾನ ನನಗೆ ಇಂದಿಗೂ ಪೂರ್ತಿ ಹೋಗಿಲ್ಲ, ಅದನ್ನು ಹೇಳಲು ನಾಚಿಕೆಯೂ ಆಗುತ್ತದೆ. ಅಮ್ಮ ಒಲೆಯ ಮುಂದೆ ಕೂತು ಬೆಂಕಿ ಊದಿದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಅಷ್ಟೂ ನಲ್ಲಿ ನೀನೇ ಒರೆಸ್ದೆ, ಅಲ್ವಾ?"

"ಹೂಂ."

"ನಾನು ಒರೆಸಿದ್ ಮೇಲೂ ನೀನು ಒರೆಸ್ತಿದ್ದೆ. ನೋಡ್ದೆ ನಾನು."

ಬೆಳಿಗ್ಗೆ ಎದ್ದಾಗ ಅಮ್ಮ ಇರಲಿಲ್ಲ. ಮೂಲೆಯಲ್ಲಿ ಈರುಳ್ಳಿ ನೆಲದ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. ಬೇಸಿನ್ನೂ ಇರಲಿಲ್ಲ. ನಾನು ಮೊದಲು ಪ್ರೆಸ್ಸಿಗೆ ಓಡಿದೆ. ಅಣ್ಣ ಬಾಗಿಲು ತೆಗೆಯುತ್ತಿದ್ದ. ಕಂಪ್ಯೂಟರ್ ಹಾಕಿ ವೆಬ್‌ಸೈಟಿನ ಇಪ್ಪತ್ತೆರಡು ಪುಟವನ್ನೂ ಯಾರಿಗೂ ಕಾಣದಂತೆ ಮುಚ್ಚಿದೆ. ಅಲ್ಲಿಂದ ಅಂಗಡಿಗೆ ಓಡಿದೆ.

ಅಂಗಡಿಯ ಮುಂದೆ ಚರಂಡಿ ಕಟ್ಟಿಕೊಂಡು ಕೆಸರು ನಿಂತಿತ್ತು. ಅಮ್ಮ ಬೇಸಿನ್ನನ್ನು ತಲೆಯ ಮೇಲೆ ಹೊತ್ತು ಆ ಕೆಸರಿನ ನಡುವೆಯೇ ಬರುತ್ತಿದ್ದಳು. ಚಪ್ಪಲಿ ಇರಲಿಲ್ಲ. ಆ ಭಾರ ಹೊತ್ತು ನಮ್ಮ ಬೀದಿಯಿಂದ ಅಲ್ಲಿಯವರೆಗೆ ನಡೆದೇ ಬಂದಿದ್ದಳು. ನಾನು ಹಿಡಿದುಕೊಳ್ಳಲು ಕೈ ಚಾಚಿದೆ.

"ಮುಟ್ಬೇಡ," ಅಂದಳು.

ಬಾಗಿಲು ಕಾಯುವವನು "ಬಕೆಟ್ಟೂ, ಹಿಂದ್ಗಡೆಯಿಂದ, ಹಿಂದ್ಗಡೆಯಿಂದ!" ಎಂದು ಕೂಗುತ್ತಲೇ ಇದ್ದ. ಅಮ್ಮ ಮುಂಬಾಗಿಲಿನಿಂದ ಒಳಗೆ ಕಾಲಿಟ್ಟಳು. ಒಳಗೆ ಸೋಫಾದಲ್ಲಿ ಕಂಟ್ರಾಕ್ಟರು ಕೂತಿದ್ದ, ಎದುರಿನ ಸೋಫಾ ಖಾಲಿಯಿತ್ತು. ನಡುವಿನ ಗಾಜಿನ ಮೇಜಿನ ಮೇಲೆ ಕಾಫಿ, ಹೊಸ ಚೀಲ. ಅಮ್ಮ ಬಿಳಿ ಟೈಲ್ಸಿನ ಮೇಲೆ ನೇರ ನಡೆದು ಹೋಗಿ ಬೇಸಿನ್ನನ್ನು ಆ ಮೇಜಿನ ಮೇಲೆ ಇಳಿಸಿದಳು. ಕಾಫಿ ಚೆಲ್ಲಿತು. ಒಂದು ಈರುಳ್ಳಿ ಸಿಪ್ಪೆ ಹಾರಿ ಕಂಟ್ರಾಕ್ಟರನ ಪ್ಯಾಂಟಿನ ಮೇಲೆ ಕೂತಿತು.

"ತಲೆ ಕೆಟ್ಟಿದ್ಯೇನೇ ಮುಂಡೆ!" ಸಾಹುಕಾರ ಗಾಜಿನ ಕೋಣೆಯಿಂದ ಎದ್ದು ಬಂದ.

ಅಮ್ಮ ಅವನ ಕಡೆ ನೋಡಲಿಲ್ಲ. ಅವನ ಹಿಂದೆಯೇ ಬಂದ ಸೋಡಾಬುಡ್ಡಿಯ ಕಡೆ ತಿರುಗಿದಳು.

"ಬರೀರಿ ಅಯ್ಯ. ಬೇಸಿನ್ ವಾಪಸ್ ಮುಟ್ಟಿದೆ ಅಂತ. ಕೆಳಗಡೆ ಇವ್ರು ಸೈನ್ ಹಾಕ್ಲಿ. ನನ್ನ ಮಗಳು ಓದಿ ಹೇಳ್ತಾಳೆ."

ಸೋಡಾಬುಡ್ಡಿ ಜೇಬಿನಿಂದ ಪೆನ್ನು ತೆಗೆದ. ಕಂಟ್ರಾಕ್ಟರು ಪಾಪ, ಎತ್ತ ನೋಡಬೇಕೆಂದು ತೋಚದೆ ಚೀಲದ ಮೇಲಿನ ವಿಳಾಸವನ್ನು ಫೋನಿನಲ್ಲಿ ಒತ್ತುತ್ತಿದ್ದ.

"ಇದೇನ್ ಸಾಹುಕಾರ್ರೇ, ನಿಮ್ಮ ವೆಬ್‌ಸೈಟ್ ಓಪನ್ನೇ ಆಗ್ತಿಲ್ವಲ್ಲ?"

ಸಾಹುಕಾರ ನನ್ನತ್ತ ತಿರುಗಿದ. ಕತ್ತಿನ ನರ ಉಬ್ಬಿತ್ತು, ದನಿ ಮಾತ್ರ ಬೆಣ್ಣೆಯಾಗಿತ್ತು. "ಏನಮ್ಮ ಇದು, ಮನೆ ಮಗಳ ಥರ ಇದ್ದವಳು? ಆಯ್ತು, ಎಷ್ಟು ಕೊಡ್ಬೇಕು ಹೇಳು."

ನಾನು ಬಾಯಿ ತೆರೆದೆ. ಹತ್ತು ಸಾವಿರ ಎಂದುಬಿಡುತ್ತೇನೆ ಎಂದು ನನಗೇ ಭಯವಾಯಿತು.

"ಮೂವತ್ತು ಸಾವಿರ," ಅಂದಳು ಅಮ್ಮ.

"ನಿನ್ನೆ ಇಪ್ಪತ್ತೈದು ಅಂದಿದ್ಲು!"

"ಇಪ್ಪತ್ತೈದು ಅವಳ ಕೆಲಸಕ್ಕೆ. ಐದು, ನಿನ್ನೆ ನನ್ನ ಹರಾಜು ಕೂಗಿದ್ರಲ್ಲ, ಅದಕ್ಕೆ."

ಸೋಡಾಬುಡ್ಡಿ ಪೆನ್ನಿನ ಮುಚ್ಚಳ ತೆಗೆದ, ಸಾಹುಕಾರನ ಮುಖ ನೋಡಿ ಮತ್ತೆ ಹಾಕಿದ. ಸಾಹುಕಾರನ ಕಣ್ಣು ನೆಲದ ಮೇಲಿತ್ತು. ಬಾಗಿಲಿನಿಂದ ಮೇಜಿನವರೆಗೆ ಸಾಲಾಗಿ ಕೆಸರಿನ ಹೆಜ್ಜೆ. ಹಿಮ್ಮಡಿ, ಅಂಗಾಲು, ಐದೂ ಬೆರಳು ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದವು. ಅಮ್ಮನ ಕಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿದೆಯೆಂಬುದು ನನಗೆ ತಿಳಿದದ್ದೇ ಆಗ.

"ಇದನ್ನ ಯಾರು ಒರೆಸ್ತಾರೆ?" ಸಾಹುಕಾರ ಕಿರುಚಿದ. "ಯಾರೇ ಒರೆಸೋರು ಇದನ್ನ?"

ಅಮ್ಮ ಕಂಟ್ರಾಕ್ಟರನ ಎದುರಿನ ಸೋಫಾದಲ್ಲಿ ಕೂತಳು. ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ನನ್ನನ್ನೂ ಕರೆದಳು. ನಾವಿಬ್ಬರೂ ಕೂತೆವು. ಹೆಜ್ಜೆಗಳು ಅಂಚಿನಿಂದ ಒಣಗುತ್ತ ಬಂದವು, ಪೆನ್ನು ಇನ್ನೂ ಸೋಡಾಬುಡ್ಡಿಯ ಕೈಯಲ್ಲೇ ಇತ್ತು.